ಕೇಳಿದವರಿಗೆ ಮಾತ್ರ ದಕ್ಕುವ ಆರೋಗ್ಯ

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಲೆಕ್ಕವನ್ನು ನಮ್ಮ ಜಿಲ್ಲೆಯವರು ಮರೆಯಬಾರದು. ಎಂಡೋಸಲ್ಫಾನ್ ಬಾಧಿತರೆಂದು ಗುರುತಿಸಲ್ಪಟ್ಟವರು 3,704 ಮಂದಿ. ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದೇ ನ್ಯಾಯಾಲಯ ಆಜ್ಞಾಪಿಸಿದ್ದು 2017ರ ಜನವರಿಯಲ್ಲಿ. ಐದು ವರ್ಷ ಕಳೆದ ಮೇಲೂ ಆ ಪೂರ್ಣ ಮೊತ್ತ ಸಂದಿದ್ದು ಎಂಟೇ ಮಂದಿಗೆ. ಅವರು ಯಾರು? ನ್ಯಾಯಾಂಗ ನಿಂದನೆಯ ಅರ್ಜಿ ಹಿಡಿದು ದೆಹಲಿಯ ಬಾಗಿಲು ತಟ್ಟಿದವರು. ನ್ಯಾಯಾಲಯ ಸರಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ಉಳಿದವರ ಪಾವತಿ ಚುರುಕಾದದ್ದು ಆ ಬಳಿಕ.

ಕೇರಳದ ಆರೋಗ್ಯ ಸಾಧನೆ ಸುಳ್ಳಲ್ಲ. ಶಿಶುಮರಣದಲ್ಲಾಗಲಿ, ಆಯುಸ್ಸಿನಲ್ಲಾಗಲಿ ಈ ರಾಜ್ಯ ದೇಶಕ್ಕೇ ಮಾದರಿ. ಆದರೆ ರಾಜ್ಯದ ಸರಾಸರಿ ಎಂಬುದು ಅಂಚಿನ ಊರುಗಳ ಸ್ಥಿತಿಯನ್ನು ಹೇಳುವುದಿಲ್ಲ. ಪಡ್ರೆ, ಬೆಳ್ಳೂರು, ಮುಳಿಯಾರು ಮುಂತಾದ ಕಡೆಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸುರಿಸಿದ್ದು ಸರಕಾರಿ ನಿಗಮವೇ. ಹಾನಿ ಮಾಡಿದ ಕೈಯೇ ಪರಿಹಾರವನ್ನೂ ಕೊಡಬೇಕಾದಾಗ, ಬಾಧಿತನಿಗೆ ಕೇಳುವ ಶಕ್ತಿ ಇರಲೇಬೇಕಾಗುತ್ತದೆ.

ದೂರದ ಪ್ರಶ್ನೆಯೂ ಹಾಗೆಯೇ. ದೊಡ್ಡ ಕಾಯಿಲೆ ಬಂದರೆ ನಮ್ಮವರು ಹೋಗುವುದು ಮಂಗಳೂರಿಗೆ. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಆ ದಿನಗಳಲ್ಲಿ ತಲಪಾಡಿ ದಾಟಲಾಗದೆ ಚಿಕಿತ್ಸೆ ಸಿಗದೆ ಜೀವ ಬಿಟ್ಟವರು ಒಬ್ಬಿಬ್ಬರಲ್ಲ. ಭಾಷೆಯ ನಂಟು ಅಂದು ರಸ್ತೆ ತೆರೆಸಲಿಲ್ಲ. ನೆರೆಯ ರಾಜ್ಯದ ಆಸ್ಪತ್ರೆ ಎಂಬುದು ಅನುಕೂಲವೇ ಹೊರತು ಹಕ್ಕಲ್ಲ ಎಂಬ ಪಾಠವನ್ನು ನಾವು ಕಲಿತದ್ದು ಹೀಗೆ.

ಹಕ್ಕೆನ್ನಬಹುದಾದ ಆಸ್ಪತ್ರೆಗೆ ಉಕ್ಕಿನಡ್ಕದಲ್ಲಿ ಶಿಲಾನ್ಯಾಸವಾದದ್ದು 2013ರ ನವೆಂಬರಿನಲ್ಲಿ. ಆ ಸರಕಾರಿ ಮೆಡಿಕಲ್ ಕಾಲೇಜಿಗೆ 50 ಎಂ.ಬಿ.ಬಿ.ಎಸ್. ಸೀಟುಗಳ ಅನುಮತಿ ದೊರೆತದ್ದು 2025ರಲ್ಲಿ. ನಡುವೆ ಹನ್ನೆರಡು ವರ್ಷ! ಸಂತೋಷಪಡೋಣ, ಆದರೆ ಸೀಟು ಬಂದ ಮಾತ್ರಕ್ಕೆ ರೋಗಿಗೆ ಹಾಸಿಗೆ ಬಂದಂತಲ್ಲ. ನರರೋಗ ತಜ್ಞರು, ಹೃದ್ರೋಗ ತಜ್ಞರು, ರಾತ್ರಿ ಹೊತ್ತಿನ ಶಸ್ತ್ರಚಿಕಿತ್ಸೆ ಇವೆಲ್ಲ ಇದ್ದಾಗಲೇ ಅದು ಆಸ್ಪತ್ರೆ.

ಇನ್ನೊಂದು ಕೊರತೆ ಕಣ್ಣಿಗೆ ಕಾಣದು. ಬಾಧಿತರ ಪಟ್ಟಿಗೆ ಹೆಸರು ಸೇರಲು ವೈದ್ಯಕೀಯ ಶಿಬಿರವೇ ಹೆಬ್ಬಾಗಿಲು. ನೋವು ಎಲ್ಲಿ, ಎಂದಿನಿಂದ, ಹೇಗೆ ಎಂಬುದನ್ನು ಅಲ್ಲಿ ಬಾಯಿಬಿಟ್ಟು ಹೇಳಬೇಕು. ಕನ್ನಡ, ತುಳು ಬಿಟ್ಟು ಬೇರೆ ಬಾರದ ಅಜ್ಜಿ ಮಲಯಾಳದ ಡಾಕ್ಟರರ ಮುಂದೆ ತಲೆಯಾಡಿಸಿ ಬಂದರೆ, ಆಕೆಯ ರೋಗದ ಅರ್ಧ ಕತೆ ಚೀಟಿಯಲ್ಲಿ ಇರುವುದೇ ಇಲ್ಲ. ಇದು ಭಾಷಾಭಿಮಾನದ ಮಾತಲ್ಲ, ಚಿಕಿತ್ಸೆಯ ಮಾತು. ಮಲಯಾಳ ಬಲ್ಲವರೊಡನೆ ನಮಗೆ ಜಗಳವೂ ಇಲ್ಲ. ವಿಷ ಬಿದ್ದದ್ದು ಇಬ್ಬರ ಅಂಗಳಕ್ಕೂ.

ಕಾನೂನು ನಮ್ಮ ಕಡೆಗಿದೆ. 1969ರ ಕೇರಳ ಆಡಳಿತ ಭಾಷಾ ಶಾಸನದಂತೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಹಕ್ಕು ಪುಸ್ತಕದಲ್ಲಿದ್ದು ಅರ್ಜಿ ನಮ್ಮ ಕೈಯಲ್ಲಿಲ್ಲದಿದ್ದರೆ ತಪ್ಪು ಯಾರದು?

ಆದುದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಶಿಬಿರಕ್ಕೊಬ್ಬ ಕನ್ನಡ ಬಲ್ಲ ಸಿಬ್ಬಂದಿ, ಕನ್ನಡದಲ್ಲಿ ನಮೂನೆ, ಔಷಧದ ಕ್ರಮ ಕನ್ನಡದಲ್ಲಿ ಬರೆದ ಚೀಟಿ, ಉಕ್ಕಿನಡ್ಕದಲ್ಲಿ ತಜ್ಞರ ನೇಮಕ. ಇವನ್ನು ಗ್ರಾಮಸಭೆಯಲ್ಲಿ ಠರಾವಾಗಿ ಬರೆಸಬೇಕು. ಬರೆಯಲು ಬಾರದ ನೆರೆಮನೆಯವರ ಅರ್ಜಿಯನ್ನು ಹೈಸ್ಕೂಲು ಓದುವ ನಮ್ಮ ಮಕ್ಕಳು ಬರೆದುಕೊಡಲಿ. ನಾವು ಕಲಿಸಿದ ಕನ್ನಡಕ್ಕೆ ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ. ದೆಹಲಿಯ ತನಕ ಹೋಗಬಲ್ಲ ಎಂಟು ಮಂದಿಗೆ ಸಿಕ್ಕ ನ್ಯಾಯ, ಮನೆಯ ಚಾವಡಿಯಲ್ಲಿ ಮಲಗಿರುವವರಿಗೂ ಸಿಗಬೇಡವೇ?