ಹಳೆಯ ಸೀಡಿ ಓಡುತ್ತಿಲ್ಲವೇ? ಎಸೆಯುವ ಮುನ್ನ ನೋಡಿ

ಬೀರು ಚೊಕ್ಕಟ ಮಾಡುವಾಗ ಒಂದು ಹಳೆಯ ಸೀಡಿ ಸಿಗುತ್ತದೆ. ಅದರ ಮೇಲೆ ಮಾರ್ಕರ್ ಪೆನ್ನಿನಲ್ಲಿ 'ಸ್ಕೂಲ್ ಡೇ 2005' ಎಂದು ಬರೆದಿದೆ. ಒನಕೆ ಓಬವ್ವನ ಪಾತ್ರ ಮಾಡಿದ್ದ ಅಕ್ಕ ಅದರಲ್ಲಿದ್ದಾಳೆ, ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿರುವ ಅಜ್ಜಿಯೂ ಇದ್ದಾರೆ. ಅಜ್ಜಿ ಈಗಿಲ್ಲ. ಆಸೆಯಿಂದ ಪ್ಲೇಯರಿಗೆ ಹಾಕಿದರೆ ಪರದೆಯ ಮೇಲೆ ಕಾಣುವುದು 'ನೋ ಡಿಸ್ಕ್' ಎಂಬ ಎರಡೇ ಪದ!

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಎಷ್ಟೋ ಮನೆಗಳಲ್ಲಿ 2000ದ ನಂತರದ ಮದುವೆ, ಗೃಹಪ್ರವೇಶ, ಶಾಲಾ ವಾರ್ಷಿಕೋತ್ಸವಗಳು ಇಂಥ ತಟ್ಟೆಗಳಲ್ಲೇ ಉಳಿದಿವೆ. ಓಡದ ತಟ್ಟೆಗಳೆಲ್ಲ ಸತ್ತಿವೆ ಎಂದಲ್ಲ. ದೋಷ ಎಲ್ಲಿದೆ ಎಂದು ಹಂತ ಹಂತವಾಗಿ ಹುಡುಕಬೇಕು. ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಕೆಲಸವಿದು.

ಅಂಗಡಿಯಲ್ಲಿ ಕೊಂಡ ಸಿನಿಮಾ ಸೀಡಿಗೂ ನಾವು ರೈಟ್ ಮಾಡಿಸಿದ ಸೀಡಿಗೂ ದೊಡ್ಡ ವ್ಯತ್ಯಾಸವಿದೆ. ಕಾರ್ಖಾನೆಯ ಸೀಡಿಯಲ್ಲಿ ಮಾಹಿತಿಯನ್ನು ಸಣ್ಣ ಗುಳಿಗಳಾಗಿ ಅಚ್ಚೊತ್ತಿರುತ್ತಾರೆ. ನಾವು ಬರೆಸಿದ ಸೀಡಿಯಲ್ಲಿ ಇರುವುದು ಒಂದು ಬಣ್ಣದ ಪದರ. ಲೇಸರ್ ಕಿರಣ ಈ ಪದರವನ್ನು ಅಲ್ಲಲ್ಲಿ ಕಾಯಿಸಿ ಗುರುತು ಮೂಡಿಸುತ್ತದೆ. ಬಿಸಿಲು, ಶಾಖ, ತೇವಗಳಿಗೆ ಸಿಕ್ಕರೆ ಬಟ್ಟೆಯ ಬಣ್ಣ ಮಾಸುವಂತೆ ಈ ಪದರವೂ ಮಾಸುತ್ತದೆ. ಜೊತೆಗೆ ಇಂಥ ತಟ್ಟೆ ಬೆಳಕನ್ನು ಪ್ರತಿಫಲಿಸುವುದೂ ಕಡಿಮೆ. ಆದ್ದರಿಂದ ಹಳೆಯ ಪ್ಲೇಯರಿನ ಬಳಲಿದ ಲೇಸರಿಗೆ ಅದನ್ನು ಓದುವುದು ಕಷ್ಟ.

ಮೊದಲ ಪರೀಕ್ಷೆ ಪ್ಲೇಯರಿಗೆ. ಅದಕ್ಕೆ ಬೇರೆ ತಟ್ಟೆಗಳನ್ನು ಹಾಕಿ ನೋಡಿ. ಯಾವುದೂ ಓಡದಿದ್ದರೆ ತಪ್ಪು ಪ್ಲೇಯರಿನದು, ಲೆನ್ಸಿನ ಮೇಲೆ ದೂಳು ಕುಳಿತಿರಬಹುದು. ಅಂಗಡಿಯ ಸೀಡಿ ಓಡಿ, ರೈಟ್ ಮಾಡಿಸಿದವು ಮಾತ್ರ ಓಡದಿದ್ದರೆ ಲೇಸರ್ ದುರ್ಬಲವಾಗಿರುವ ಸಂಭವ ಹೆಚ್ಚು. ಪ್ಲೇಯರಿನ ಮುಚ್ಚಳ ತೆಗೆದು, ಕರೆಂಟ್ ಇರುವಾಗ ಒಳಗೆ ಇಣುಕಿ ನೋಡಲೇಬಾರದು. ಸೀಡಿ ಲೇಸರಿನ ಕಿರಣ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ, ಆದರೆ ಕಣ್ಣಿಗೆ ಅಪಾಯ.

ಎರಡನೆಯದು, ತಟ್ಟೆ ಯಾವ ಜಾತಿಯದು? ಸೀಡಿ ಮತ್ತು ಡೀವೀಡಿ ಎರಡರ ಅಗಲವೂ 12 ಸೆಂಟಿಮೀಟರ್, ನೋಡಲು ಒಂದೇ. ಸೀಡಿಯಲ್ಲಿ ಸಾಲಿನಿಂದ ಸಾಲಿಗೆ 1.6 ಮೈಕ್ರಾನ್ ಅಂತರವಿದ್ದರೆ ಡೀವೀಡಿಯಲ್ಲಿ 0.74 ಮೈಕ್ರಾನ್ ಮಾತ್ರ. ಹೀಗಾಗಿ ವೀಸೀಡಿ ಪ್ಲೇಯರಿಗೆ ಡೀವೀಡಿ ಹಾಕಿದರೆ ಎಷ್ಟು ಒರೆಸಿದರೂ ಓಡದು. ಇನ್ನು ಕೆಲವರು ವಿಡಿಯೋ ಫೈಲನ್ನು ಹಾಗೆಯೇ ತಟ್ಟೆಗೆ ತುಂಬಿಸಿರುತ್ತಾರೆ. ಹಳೆಯ ಪ್ಲೇಯರಿಗೆ ಅದು ಅರ್ಥವಾಗದು, ಕಂಪ್ಯೂಟರಿಗೆ ಅರ್ಥವಾಗುತ್ತದೆ. ರೆಕಾರ್ಡರಿನಲ್ಲಿ ಬರೆದು ಕೊನೆಗೆ 'ಫೈನಲೈಸ್' ಮಾಡದೆ ಬಿಟ್ಟ ಡೀವೀಡಿಯೂ ಬೇರೆ ಪ್ಲೇಯರುಗಳಲ್ಲಿ ಓಡುವುದಿಲ್ಲ. ಬರೆದ ರೆಕಾರ್ಡರ್ ಇನ್ನೂ ಇದ್ದರೆ ಅದರಲ್ಲೇ ಆ ಕೆಲಸ ಮುಗಿಸಬಹುದು.

ಮೂರನೆಯದು, ತಟ್ಟೆಯ ಆರೋಗ್ಯ. ಅದನ್ನು ದೀಪಕ್ಕೆ ಹಿಡಿದು ನೋಡಿ. ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಹೊಳಪಿನ ಪದರ ಕಿತ್ತುಹೋಗಿದೆ ಎಂದರ್ಥ, ಆ ಭಾಗ ಮರಳಿ ಬಾರದು. ಹೊಳೆಯುವ ಬದಿಯನ್ನಷ್ಟೇ ಜೋಪಾನ ಮಾಡಿದರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಸೀಡಿಯಲ್ಲಿ ಮಾಹಿತಿ ಇರುವುದು ಹೆಸರು ಬರೆಯುವ ಬದಿಯ ತೆಳು ಲೇಪದ ಕೆಳಗೇ. ಅಲ್ಲಿನ ಒಂದು ಗೀರು ಕೆಳಬದಿಯ ಹತ್ತು ಗೀರುಗಳಿಗಿಂತ ಕೆಟ್ಟದ್ದು. ಅಂಟಿಸಿದ ಕಾಗದದ ಲೇಬಲನ್ನು ಕೀಳಲು ಹೋಗಬೇಡಿ, ಪದರವೂ ಕಿತ್ತು ಬಂದೀತು.

ಬರೀ ಕೊಳೆಯಾಗಿದ್ದರೆ ಸುಲಭ. ನೀರಿಗೆ ಒಂದು ಹನಿ ಸೋಪು ಬೆರೆಸಿ, ಮೆತ್ತನೆಯ ಹತ್ತಿ ಬಟ್ಟೆ ಅದ್ದಿ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಲೂ ತಿಕ್ಕಬೇಡಿ. ಸುತ್ತಿನ ಗೀರು ಮಾಹಿತಿಯ ಸಾಲಿನುದ್ದಕ್ಕೂ ಹೋಗಿ ಹೆಚ್ಚು ಹಾನಿ ಮಾಡುತ್ತದೆ. ಅಡ್ಡಗೀರನ್ನಾದರೆ ಪ್ಲೇಯರ್ ಹೇಗೋ ದಾಟಿಕೊಳ್ಳುತ್ತದೆ.

ಇಷ್ಟಾದ ಮೇಲೂ ಓಡದಿದ್ದರೆ ಬೇರೆ ಬೇರೆ ಕಂಪ್ಯೂಟರ್ ಡ್ರೈವ್‌ಗಳಲ್ಲಿ ಹಾಕಿ ನೋಡಿ. ಒಂದು ಓದದ್ದನ್ನು ಇನ್ನೊಂದು ಓದುವುದು ಅಪರೂಪವಲ್ಲ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡೀವೀಡಿ ಡ್ರೈವ್ ಸಿಗುತ್ತದೆ. ವೀಸೀಡಿಯಾದರೆ 'ಎಂಪೆಗ್‌ಎವಿ' ಎಂಬ ಫೋಲ್ಡರ್, ಡೀವೀಡಿಯಾದರೆ 'ವಿಡಿಯೋ ಟಿಎಸ್' ಎಂಬ ಫೋಲ್ಡರ್ ಕಾಣುತ್ತದೆ. ಅದನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಉಚಿತವಾಗಿ ಸಿಗುವ ವಿಎಲ್‌ಸಿ ತಂತ್ರಾಂಶದಲ್ಲಿ ಆ ಫೈಲುಗಳು ಓಡುತ್ತವೆ. ನಡುವೆ ನಿಂತುಹೋಗುವ ಡೀವೀಡಿಗೆ 'ಡಿಡಿರೆಸ್ಕ್ಯೂ' ಎಂಬ ಉಚಿತ ತಂತ್ರಾಂಶವಿದೆ. ಅದು ಓದಲಾಗದ ಜಾಗವನ್ನು ಬಿಟ್ಟು ಮುಂದಿನದನ್ನು ನಕಲು ಮಾಡಿಕೊಂಡು, ಆಮೇಲೆ ಬಿಟ್ಟಲ್ಲಿಗೆ ಹಿಂತಿರುಗಿ ಮತ್ತೆ ಪ್ರಯತ್ನಿಸುತ್ತದೆ. ಎರಡು ನಿಮಿಷದ ದೃಶ್ಯ ಹೋದರೂ ಉಳಿದ ನಾಟಕವಾದರೂ ಕೈಗೆ ಸಿಕ್ಕೀತು.

ಪೋಷಕರಿಗೊಂದು ಮಾತು. ಇಂದು ಚೆನ್ನಾಗಿ ಓಡುತ್ತಿರುವ ತಟ್ಟೆಯನ್ನೂ ಇಂದೇ ನಕಲು ಮಾಡಿಸಿ. ಒಂದು ವೀಸೀಡಿಯಲ್ಲಿರುವುದು ಸುಮಾರು 80 ನಿಮಿಷದ ಚಿತ್ರ, ಒಂದು ಸಾಮಾನ್ಯ ಡೀವೀಡಿಯಲ್ಲಿ 4.7 ಗಿಗಾಬೈಟ್. 32 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಆರು ಡೀವೀಡಿ ಹಿಡಿಯುತ್ತವೆ. ಒಂದೇ ಪ್ರತಿ ಸಾಲದು. ಒಂದು ನಿಮ್ಮಲ್ಲಿರಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ಮೂಲ ತಟ್ಟೆಯನ್ನು ಟೀವಿಯ ಮೇಲಾಗಲಿ ಕಿಟಕಿಯ ಬಳಿಯಾಗಲಿ ಇಡದೆ, ಡಬ್ಬಿಯಲ್ಲಿ ಹಾಕಿ ತಂಪಾದ ಕತ್ತಲ ಜಾಗದಲ್ಲಿ ನಿಲ್ಲಿಸಿಡಿ.

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ. ನಾಲ್ಕನೆಯ ಶತಮಾನದ ಆ ಬರಹ ಬಂಡೆಯ ಮೇಲೆ ಇದ್ದುದರಿಂದ ಇಂದಿಗೂ ಉಳಿದಿದೆ. ನಮ್ಮ ಮನೆಯ ಬರಹ ಇರುವುದು ಮಾಸುವ ಬಣ್ಣದ ಮೇಲೆ. ಬರುವ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ಬೀರುವಿನ ಆ ತಟ್ಟೆಗಳನ್ನು ಹೊರಗೆ ತೆಗೆಯಿರಿ.