ಹಸು ಸತ್ತಿತು, ಕಂತು ಸಾಯಲಿಲ್ಲ



2022ರ ಮಳೆಗಾಲವನ್ನು ದನ ಕಟ್ಟಿದವರು ಯಾರೂ ಮರೆತಿಲ್ಲ. ಕೆ.ಆರ್. ಪುರದಿಂದಾಚೆ, ಹೊಸಕೋಟೆ ಕಡೆಯ ನಮ್ಮ ಕೊಟ್ಟಿಗೆಯಲ್ಲಿ ಸೀಮೆಹಸು ಮೊದಲು ಮೇವು ಬಿಟ್ಟಿತು. ಮೈ ಸುಡೋ ಜ್ವರ. ಮೂರನೇ ದಿನಕ್ಕೆ ಅಡಿಕೆ ಗಾತ್ರದ ಗಂಟುಗಳು, ಕಾಲಿಗೆ ಬಾವು. ಹತ್ತು ಲೀಟರ್ ಕೊಡುತ್ತಿದ್ದದ್ದು ಒಂದಕ್ಕೆ ಇಳೀತು. ಹನ್ನೊಂದನೇ ದಿನ ಸತ್ತಿತು. 65 ಸಾವಿರ ಸಾಲ ಮಾಡಿ ತಂದ ಹಸು. ಸರ್ಕಾರ ಆಗ ಘೋಷಿಸಿದ ಪರಿಹಾರ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ. ಹಸು ಮಣ್ಣಾದ ಮೇಲೂ ಕಂತಿನ ನೋಟೀಸು ತಪ್ಪದೆ ಬಂತು.

ಚರ್ಮಗಂಟು ರೋಗ ದೇವರ ಮುನಿಸಲ್ಲ. ಅದೊಂದು ವೈರಸ್, ಕುರಿ ಮೇಕೆಗಳ ಸಿಡುಬಿನ ದಾಯಾದಿ. ಸೊಳ್ಳೆ, ಕಚ್ಚುವ ನೊಣ, ಉಣ್ಣೆ ಇದನ್ನು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೊರುತ್ತವೆ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಮೂರು ವರ್ಷ ಕಳೆದು 2022ರಲ್ಲೂ ದನಕ್ಕೆ ಚುಚ್ಚಿದ್ದು ಮೇಕೆ ಸಿಡುಬಿನ ಲಸಿಕೆಯನ್ನೇ. ಅದು ದಂಡ ಅಂತ ನಾನು ಹೇಳೋದಿಲ್ಲ. ದಾಯಾದಿ ರೋಗವಾದ್ದರಿಂದ ತಕ್ಕಮಟ್ಟಿಗೆ ತಡೆಯುತ್ತೆ. ಆದರೆ ನಮ್ಮೂರಿಗೆ ಅದು ಬಂದದ್ದು ಗಂಟು ಎದ್ದ ಮೇಲೆ.

ವಿಜ್ಞಾನಿಗಳೇನೂ ಸುಮ್ಮನೆ ಕೂತಿರಲಿಲ್ಲ. ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದವರು ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ, ರಾಂಚಿಯ ದನಗಳಿಂದ ತೆಗೆದ ವೈರಸ್ಸನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಕಸುವು ತೆಗೆದು ಲಸಿಕೆ ಮಾಡಿದರು. 2022ರ ಆಗಸ್ಟಿನಲ್ಲಿ ದೆಹಲಿಯಲ್ಲಿ ಬಿಡುಗಡೆಯೂ ಆಯ್ತು. ಮಾಲೂರಿನ ಬಯೋವೆಟ್ ಕಂಪನಿಗೆ ಈ ಲಸಿಕೆಯ ಲೈಸೆನ್ಸ್ ಸಿಕ್ಕಿದ್ದು 2025ರ ಫೆಬ್ರವರಿಯಲ್ಲಿ! ಕಂಟೋನ್ಮೆಂಟಿನಲ್ಲಿ ರೈಲು ಹತ್ತಿ ಕೆ.ಆರ್. ಪುರ ದಾಟಿದರೆ ಮಾಲೂರು ಗಂಟೆ ಹೊತ್ತಿನ ದಾರಿ. ಲಸಿಕೆಗೆ ಎರಡೂವರೆ ವರ್ಷ. ಪರೀಕ್ಷೆ ಬೇಡವೇ ಅಂತ ಕೇಳಬಹುದು. ಬೇಕು, ಅರೆಬೆಂದ ಔಷಧ ನಮ್ಮ ದನಕ್ಕೂ ಬೇಡ. ಆದರೆ ಆ ಎರಡೂವರೆ ವರ್ಷದ ಬಡ್ಡಿ ಕಟ್ಟಿದವರು ಯಾರು?

ನಮ್ಮ ಹಿರಿಯರು ದೊಡ್ಡರೋಗದಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯೇ ಬರಿದಾದದ್ದನ್ನು ನೋಡಿದವರು. ಅದಕ್ಕೆಂದೇ ಮೈಸೂರು ಸಂಸ್ಥಾನ 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಸಂಸ್ಥೆ ಕಟ್ಟಿತು. ಮುಂದೆ ದೇಶದುದ್ದಕ್ಕೂ ಊರೂರಿಗೆ ಚುಚ್ಚುಮದ್ದು ಹೋಯಿತು. 1995ರ ನಂತರ ದೇಶದಲ್ಲಿ ಆ ರೋಗ ಕಾಣಲಿಲ್ಲ; 2011ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಿದರು. ದುಡ್ಡಿದ್ದವನ ದನಕ್ಕೆ ಮಾತ್ರ ಚುಚ್ಚಿದ್ದರೆ ತೊಲಗುತ್ತಿತ್ತೇ? ಕಾಲುಬಾಯಿ ರೋಗದ ಲಸಿಕೆಗೂ 2019ರಲ್ಲಿ ಕೇಂದ್ರವೇ ಪೂರ್ತಿ ಖರ್ಚು ಹೊರಲು ಒಪ್ಪಿತು. ಚರ್ಮಗಂಟಿಗೆ ಯಾಕಾಗದು?

ಮುಂಗಾರಿಗೆ ಮೊದಲೇ, ಸೊಳ್ಳೆ ಏಳುವ ಮುಂಚೆ, ಹೊಸ ಲಸಿಕೆ ಪ್ರತಿ ಹಳ್ಳಿಗೆ ಪುಕ್ಕಟೆ ಬರಬೇಕು. ಸಾಲದ ಹಸು ರೋಗದಿಂದ ಸತ್ತರೆ, ದನದ ಡಾಕ್ಟ್ರು ಸರ್ಟಿಫಿಕೇಟು ಕೊಟ್ಟ ದಿನದಿಂದಲೇ ಕಂತು ನಿಲ್ಲಬೇಕು, ಬಡ್ಡಿ ಬೆಳೆಯಕೂಡದು. ಈ ಎರಡು ಮಾತನ್ನು ನಿಮ್ಮ ಡೈರಿ ಸಭೆಯಲ್ಲಿ ನಿರ್ಣಯವಾಗಿ ಬರೆಸಿ, ಎಲ್ಲರೂ ರುಜು ಹಾಕಿ ತಹಶೀಲ್ದಾರರಿಗೆ ಮುಟ್ಟಿಸಿ. ಒಂದು ನಕಲು ನಮಗೂ ಕಳಿಸಿ.