ಮಗನಿಗೆ ಹಕ್ಕು, ಮಗಳಿಗೆ ಭಿಕ್ಷೆಯೇ?

2014ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿಸಿತು. ಅಂದಿನಿಂದ ಸಮಾಜದ ಟ್ರಸ್ಟು ನಡೆಸುವ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಮಗನ ಅರ್ಜಿ ಹಾಕುವಾಗ ಅಲ್ಪಸಂಖ್ಯಾತ ಪ್ರಮಾಣಪತ್ರವನ್ನು ನಿಸ್ಸಂಕೋಚವಾಗಿ ಲಗತ್ತಿಸುತ್ತೇವೆ. ಅದನ್ನು ಯಾರೂ ಭಿಕ್ಷೆ ಎನ್ನುವುದಿಲ್ಲ. ಸಂವಿಧಾನದ 30ನೇ ವಿಧಿಯ ಬಲದಿಂದ ಬಂದ ಹಕ್ಕು ಎನ್ನುತ್ತೇವೆ. ಸರಿಯೇ.

ಅದೇ ಮನೆಯ ಮಗಳು ಬಿ.ಕಾಂ. ಮುಗಿಸಿ, ಕ್ಯಾಟ್ ಬರೆದು, ಐಐಎಂನಿಂದ ಸಂದರ್ಶನದ ಕರೆ ತಂದರೆ ನಮ್ಮ ನಾಲಿಗೆ ಹೊರಳುತ್ತದೆ. "ಹುಡುಗಿಯೆಂದು ಕೊಟ್ಟ ಅಂಕ, ಯೋಗ್ಯತೆಯದಲ್ಲ" ಎನ್ನುತ್ತೇವೆ. ಅದರ ಬೆನ್ನಿಗೇ "ಎರಡು ವರ್ಷ ಹಾಸ್ಟೆಲ್ ಏಕೆ? ಮೊದಲು ಸಂಬಂಧ ನೋಡೋಣ" ಎಂಬ ಮಾತು ಬರುತ್ತದೆ.

ಬಂಧುಗಳೇ, ಆ ಅಂಕವೆಂದರೇನು? ಐಐಎಂ ತರಗತಿಗಳಲ್ಲಿ ಬಹುಕಾಲ ಎಂಜಿನಿಯರಿಂಗ್ ಓದಿದ ಗಂಡುಮಕ್ಕಳೇ ತುಂಬಿರುತ್ತಿದ್ದರು. ಆದ್ದರಿಂದ ಹಲವು ಐಐಎಂಗಳು ಆಯ್ಕೆಯ ವೇಳೆ ಮಹಿಳೆಯರಿಗೂ ಅನ್ಯ ವಿಷಯ ಓದಿದವರಿಗೂ ಕೆಲವು ಅಂಕ ಸೇರಿಸತೊಡಗಿದವು. ಕ್ಯಾಟ್‌ನ ಕನಿಷ್ಠ ಮಟ್ಟವನ್ನು ಅವಳು ದಾಟಲೇಬೇಕು, ಸಂದರ್ಶನವನ್ನು ಎದುರಿಸಲೇಬೇಕು, ಒಳಹೊಕ್ಕ ಮೇಲೆ ಪರೀಕ್ಷೆ ಎಲ್ಲರಿಗೂ ಒಂದೇ. 2013ರಲ್ಲಿ ಕೋಝಿಕ್ಕೋಡ್ ಐಐಎಂಗೆ ಸೇರಿದ ತಂಡದಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರಿದ್ದರು. ಅದರಿಂದ ಆ ಸಂಸ್ಥೆಯ ಘನತೆಯೇನೂ ಕುಂದಲಿಲ್ಲ.

ಮೀಸಲಾತಿಯೆಂದರೆ ಮೂಗು ಮುರಿಯುವವರು ನಮ್ಮದೇ ಚರಿತ್ರೆಯನ್ನು ನೆನೆಯಲಿ. 1902ರ ಜುಲೈ 26ರಂದು ಕೊಲ್ಹಾಪುರದ ಶಾಹು ಮಹಾರಾಜರು, ಮುಂದುವರಿದ ಕೆಲವು ಜಾತಿಗಳನ್ನು ಬಿಟ್ಟು ಉಳಿದವರಿಗೆ ಸಂಸ್ಥಾನದ ತೆರವಾಗುವ ನೌಕರಿಗಳಲ್ಲಿ ಅರ್ಧದಷ್ಟನ್ನು ಮೀಸಲಿಟ್ಟರು. ಆ ಉಳಿದವರಲ್ಲಿ ಜೈನರೂ ಇದ್ದರು. ಆ ಮೆಟ್ಟಿಲಲ್ಲಿ ಕಾಲಿಟ್ಟ ಸಮಾಜವು ಇಂದು ಅನ್ಯರ ಮೆಟ್ಟಿಲನ್ನು ಕಂಡು ಹಳಿಯುವುದು ಕೃತಘ್ನತೆ; ಸ್ವಂತ ಮಗಳ ಮೆಟ್ಟಿಲನ್ನೇ ಕಿತ್ತುಹಾಕುವುದು ಅದಕ್ಕಿಂತ ದೊಡ್ಡ ಪಾಪ.

ಪ್ರಮಾಣಪತ್ರವೂ ಬೇಡ, ಅಂಕವೂ ಬೇಡ ಎನ್ನುವವರೊಡನೆ ವಾದಿಸಬಹುದು. ತನ್ನದು ಹಕ್ಕು, ಪರರದು ಭಿಕ್ಷೆ ಎನ್ನುವವರೊಡನೆ ವಾದವಿಲ್ಲ. ಅದು ನ್ಯಾಯವಲ್ಲ, ಲೋಭ.

ಆದಿನಾಥರು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದರೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹಾಗಿದ್ದರೆ ಈ ವರ್ಷ ಮಗಳು ಕ್ಯಾಟ್ ಅರ್ಜಿ ತುಂಬಲು ಕುಳಿತಾಗ, ಅವಳ ಕೈ ಹಿಡಿದು ತಡೆಯದಿರೋಣ.